ತಾಮ್ರಕ್ಕಿಂತ ಮೊದಲು ನಿಕ್ಕಲ್ ಏಕೆ ಕರಗುತ್ತದೆ? ಲೇಸರ್ ಬೆಸುಗೆಯ ಶಾಖಕ್ಕೆ ಕಂಪ್ಯೂಟರ್ ಲೆಕ್ಕ

ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕ್ಕಲ್ 1455ರಲ್ಲಿ. ಎರಡರ ತಗಡುಗಳನ್ನು ಅಂಚಿಗೆ ಅಂಚು ತಾಗಿಸಿಟ್ಟು, ಅವು ಸೇರುವ ಗೆರೆಯ ಮೇಲೆ ಸರಿಯಾಗಿ ನಟ್ಟನಡುವೆ ಲೇಸರ್ ಕಿರಣ ಬಿಟ್ಟರೆ ಮೊದಲು ಕರಗುವುದು ಯಾವುದು? ಈ ಎರಡು ಸಂಖ್ಯೆಗಳನ್ನಷ್ಟೇ ನೋಡಿದವರು ತಾಮ್ರ ಎಂದೇ ಹೇಳುತ್ತಾರೆ. ಕರಗುವುದು ನಿಕ್ಕಲ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಫಣಿಕುಮಾರ್, ಪ್ರದೀಪ್ ದತ್ತ ಮತ್ತು ಕಾಮನಿಯೋ ಚಟ್ಟೋಪಾಧ್ಯಾಯ ಇದೇ ಜೋಡಿಯನ್ನು ಹಿಡಿದು ಕಂಪ್ಯೂಟರ್ ಮಾದರಿಯೊಂದನ್ನು ಕಟ್ಟಿದ್ದರು. ಅದರ ವಿವರ 2004ರಲ್ಲಿ ಪ್ರಕಟವಾಯಿತು. ಕಿರಣ ಎರಡೂ ಕಡೆಗೆ ಸಮವಾಗಿ ಬಿದ್ದರೂ ಕರಗಿದ ಲೋಹದ ಮಡು ಸಮವಾಗಿರಲಿಲ್ಲ. ಮೊದಲು ಕರಗಿದ ನಿಕ್ಕಲ್ ಕಡೆಯಲ್ಲೇ ದ್ರವ ಹೆಚ್ಚು ಸುಳಿದಾಡಿತು, ಬೆರಕೆಯೂ ಆ ಕಡೆಯಲ್ಲೇ ಚೆನ್ನಾಗಿ ಆಯಿತು. ಪ್ರಯೋಗಕ್ಕೂ ಲೆಕ್ಕಕ್ಕೂ ಒಟ್ಟಾರೆ ತಾಳೆ ಬಿತ್ತು.

ಕಾರಣ ಸರಳ. ತಾಮ್ರಕ್ಕೆ ಕೊಟ್ಟ ಶಾಖ ತೂತಾದ ಕೊಡಕ್ಕೆ ಹುಯ್ದ ನೀರಿನ ಹಾಗೆ, ಬಿದ್ದಲ್ಲಿ ನಿಲ್ಲುವುದಿಲ್ಲ. ತಾಮ್ರದ ಉಷ್ಣ ವಾಹಕತೆ ಸುಮಾರು 400, ನಿಕ್ಕಲ್‌ನದು 90ರ ಆಸುಪಾಸು, 304 ಸ್ಟೇನ್‌ಲೆಸ್ ಸ್ಟೀಲ್‌ನದು 16 (ಎಲ್ಲವೂ ಮೀಟರಿಗೆ, ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ). ಒಂದು ಘನ ಮಿಲಿಮೀಟರ್ ತಾಮ್ರವನ್ನು ಕೋಣೆಯ ಉಷ್ಣತೆಯಿಂದ ಕಾಯಿಸಿ ಪೂರ್ತಿ ಕರಗಿಸಲು ಸುಮಾರು 6 ಜೂಲ್ ಸಾಕು. ನಿಕ್ಕಲ್‌ಗೆ ಅದರ ಒಂದೂವರೆ ಪಟ್ಟು ಬೇಕು. ಹೆಚ್ಚು ಶಾಖ ಬೇಡುವ ಲೋಹವೇ ಮೊದಲು ಕರಗುತ್ತದೆ, ಏಕೆಂದರೆ ಅದು ಬಂದ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರಗುವ ಬಿಂದುವಿನ ಪಟ್ಟಿ ನೋಡಿ ಪವರ್ ಸೆಟ್ ಮಾಡುವ ಅಭ್ಯಾಸ ಬೇರೆ ಬೇರೆ ಲೋಹಗಳ ಬೆಸುಗೆಯಲ್ಲಿ ಕೈಕೊಡುವುದು ಇಲ್ಲೇ. ಶಾಖ ಎತ್ತ ಹೋಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಬ್ಯಾಟರಿ ಪ್ಯಾಕ್‌ಗಳ ಕೆಲಸ ಹಿಡಿದಿರುವ ಶಾಪ್‌ನವರಿಗೆ, ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದನ್ನು ಮಾಡುವ ಬಗೆ ಮುಂದಿದೆ.

ಮೊದಲು ಕಾಗದದ ಮೇಲೆ

ಸಾಫ್ಟ್‌ವೇರ್ ತೆರೆಯುವ ಮೊದಲು ಕ್ಯಾಲ್ಕ್ಯುಲೇಟರ್‌ನಲ್ಲಿ ಎರಡು ಲೆಕ್ಕ ಮಾಡಿಕೊಳ್ಳಿ.

ಒಂದನೆಯದು, ಶಾಖ ಎಷ್ಟು ದೂರ ಹರಡುತ್ತದೆ ಎಂಬುದು. ಲೋಹದ ಉಷ್ಣ ವಾಹಕತೆಯನ್ನು ಅದರ ಸಾಂದ್ರತೆ ಮತ್ತು ವಿಶಿಷ್ಟ ಶಾಖಗಳ ಗುಣಲಬ್ಧದಿಂದ ಭಾಗಿಸಿ. ಬಂದದ್ದನ್ನು ಸಮಯದಿಂದಲೂ ನಾಲ್ಕರಿಂದಲೂ ಗುಣಿಸಿ ವರ್ಗಮೂಲ ತೆಗೆಯಿರಿ. ಒಂದು ಮಿಲಿಸೆಕೆಂಡಿಗೆ ತಾಮ್ರದಲ್ಲಿ ಸುಮಾರು 0.7 ಮಿಲಿಮೀಟರ್ ಬರುತ್ತದೆ, ನಿಕ್ಕಲ್‌ನಲ್ಲಿ 0.3, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ 0.13. ಸ್ಟೀಲ್‌ನಲ್ಲಿ ಕಿರಣದ ಕೆಳಗೇ ಕೂತಿರುವ ಶಾಖ ಅಷ್ಟೇ ಹೊತ್ತಿನಲ್ಲಿ ತಾಮ್ರದಲ್ಲಿ ಐದು ಪಟ್ಟು ದೂರ ಹೋಗಿರುತ್ತದೆ. ನಿಮ್ಮ ಮಾದರಿ ಎಷ್ಟು ಅಗಲ ಇರಬೇಕು, ಕ್ಲಾಂಪ್ ಎಷ್ಟು ದೂರದಲ್ಲಿದ್ದರೆ ಲೆಕ್ಕಕ್ಕೆ ಬರುತ್ತದೆ ಎಂಬುದೆಲ್ಲ ಈ ಒಂದು ಸಂಖ್ಯೆಯಿಂದ ತಿಳಿಯುತ್ತದೆ.

ಎರಡನೆಯದು, ಕಿರಣದ ಸಾಂದ್ರತೆ. ಒಂದು ಕಿಲೋವ್ಯಾಟ್ ಲೇಸರನ್ನು 0.6 ಮಿಲಿಮೀಟರ್ ವ್ಯಾಸದ ಸ್ಪಾಟ್‌ಗೆ ಹರಡಿದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಲಕ್ಷ ವ್ಯಾಟ್ ಬೀಳುತ್ತದೆ. ಅದೇ ಲೇಸರನ್ನು 0.1 ಮಿಲಿಮೀಟರಿಗೆ ಕೂಡಿಸಿದರೆ ಸುಮಾರು 1.3 ಕೋಟಿ ವ್ಯಾಟ್. ಸ್ಟೀಲ್‌ನಲ್ಲಿ ಹತ್ತು ಲಕ್ಷದ ಆಸುಪಾಸು ದಾಟಿತೆಂದರೆ ಲೋಹ ಕರಗಿ ನಿಲ್ಲದೆ ಆವಿಯಾಗಿ, ಆವಿಯ ಒತ್ತಡಕ್ಕೆ ದ್ರವ ಬದಿಗೆ ಸರಿದು, ನಡುವೆ ಆಳವಾದ ಕಿರಿದಾದ ತೂತು ಮೂಡುತ್ತದೆ. ಶಾಪ್‌ನಲ್ಲಿ ಕೀಹೋಲ್ ಎನ್ನುವುದು ಇದನ್ನೇ. ನಿಮ್ಮ ಬೆಸುಗೆ ಈ ಗಡಿಯ ಯಾವ ಕಡೆ ಇದೆ ಎಂದು ತಿಳಿಯದೆ ಸಿಮ್ಯುಲೇಷನ್ ಶುರು ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಎರಡು ಬಗೆಗೂ ಶಾಖವನ್ನು ಬೇರೆ ಬೇರೆ ರೀತಿಯಲ್ಲಿ ಒಳಗೆ ಬಿಡಬೇಕಾಗುತ್ತದೆ.

ಕಿರಣವನ್ನು ಬರೆಯುವುದು ಹೇಗೆ

ಚಲಿಸುವ ಶಾಖದ ಮೂಲಕ್ಕೆ ಮೊದಲ ಉಪಯುಕ್ತ ಸೂತ್ರ ಕೊಟ್ಟವನು ಡೇನಿಯಲ್ ರೋಸೆಂಥಾಲ್, 1941ರಲ್ಲಿ. ಶಾಖವೆಲ್ಲ ಒಂದು ಬಿಂದುವಿನಲ್ಲಿ ಬೀಳುತ್ತದೆ, ಲೋಹದ ಗುಣ ಬಿಸಿಯಾದರೂ ಬದಲಾಗುವುದಿಲ್ಲ, ಕರಗುವ ಪ್ರಶ್ನೆಯೇ ಇಲ್ಲ ಎಂಬ ಊಹೆಗಳ ಮೇಲೆ ನಿಂತ ಸೂತ್ರ ಅದು. ಬಿಂದುವಿನಲ್ಲಿ ಉಷ್ಣತೆ ಅನಂತ ಎನ್ನುತ್ತದೆ, ಎರಡು ಲೋಹ ಅದಕ್ಕೆ ಗೊತ್ತೇ ಇಲ್ಲ. ಹಾಗೆಂದು ಮೂಲೆಗೆಸೆಯಬೇಡಿ, ಮುಂದೆ ಅದರಿಂದ ಕೆಲಸವಿದೆ. 1984ರಲ್ಲಿ ಕೆನಡಾದ ಜಾನ್ ಗೋಲ್ಡಾಕ್ ಮತ್ತು ಸಂಗಡಿಗರು ಎರಡು ಅರೆ ಮೊಟ್ಟೆಗಳನ್ನು ಹಿಂದೆ ಮುಂದೆ ಅಂಟಿಸಿದ ಆಕಾರದ ಶಾಖ ಮೂಲವನ್ನು ಸೂಚಿಸಿದರು. ಆರ್ಕ್ ವೆಲ್ಡಿಂಗ್‌ಗೆ ಅದು ಇಂದಿಗೂ ರೂಢಿಯಲ್ಲಿದೆ. ಲೇಸರ್ ಎಂದಾಕ್ಷಣ ಅದನ್ನೇ ತಂದು ಹಾಕುವವರಿದ್ದಾರೆ. ಆಳವಾದ ಕೀಹೋಲ್ ಬೆಸುಗೆಗೆ ಅದು ಹೊಂದುವುದಿಲ್ಲ.

ಕೀಹೋಲ್ ಗಡಿಯ ಕೆಳಗಿರುವ ಬೆಸುಗೆಗೆ ಮೇಲ್ಮೈ ಮೇಲೆ ಮಾತ್ರ ಬೀಳುವ ಗಾಸಿಯನ್ ಹಂಚಿಕೆ ಸಾಕು: ನಡುವೆ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ. ಕೀಹೋಲ್ ಇದ್ದರೆ ಶಾಖವನ್ನು ತಗಡಿನ ಆಳದುದ್ದಕ್ಕೂ, ಕೆಳಗೆ ಹೋದಂತೆ ಕಿರಿದಾಗುವ ಶಂಕುವಿನಾಕಾರದಲ್ಲಿ ಬಿಡಬೇಕು. ಶಂಕು ಎಷ್ಟು ಆಳಕ್ಕಿರಬೇಕು ಎಂಬುದನ್ನು ಕತ್ತರಿಸಿ ನೋಡಿದ ಬೆಸುಗೆಯಿಂದಲೇ ತೆಗೆದುಕೊಳ್ಳಬೇಕು. ಇಂಥ ಮಾದರಿ ತಾನಾಗಿ ಕೀಹೋಲಿನ ಆಳ ಹೇಳುವುದಿಲ್ಲ. ಹಾಗೆ ಹೇಳಿಸಬೇಕೆಂದರೆ ಆವಿಯ ಒತ್ತಡ, ದ್ರವದ ಹರಿವು, ಕಿರಣ ತೂತಿನ ಗೋಡೆಗೆ ಬಡಿದು ಮತ್ತೆ ಮತ್ತೆ ಪ್ರತಿಫಲಿಸುವುದು ಎಲ್ಲವನ್ನೂ ಹಾಕಬೇಕು. ಅದು ವಾರಗಟ್ಟಲೆ ಓಡುವ ಲೆಕ್ಕ, ಶಾಪ್‌ನ ನಿರ್ಧಾರಕ್ಕೆ ಅಷ್ಟು ಬೇಕಾಗಿರುವುದಿಲ್ಲ.

ಇನ್ನು ಹೀರಿಕೆ. ಬಿದ್ದ ಕಿರಣದಲ್ಲಿ ಎಷ್ಟು ಭಾಗ ಲೋಹದೊಳಗೆ ಹೋಗುತ್ತದೆ? ಸಾಮಾನ್ಯ ಫೈಬರ್ ಲೇಸರಿನ ಬೆಳಕು ಒಂದು ಮೈಕ್ರೋಮೀಟರ್ ಆಸುಪಾಸಿನ ಅವಗೆಂಪು. ತಣ್ಣಗಿರುವ, ಹೊಳೆಯುವ ತಾಮ್ರ ಅದರಲ್ಲಿ ನೂರಕ್ಕೆ ಐದು ಭಾಗವನ್ನು ಹೀರಿದರೆ ಹೆಚ್ಚು. ನಿಕ್ಕಲ್ ಅದರ ಹಲವು ಪಟ್ಟು ಹೀರುತ್ತದೆ. ಹಾಗಾಗಿ ನಟ್ಟನಡುವೆ ಬಿಟ್ಟ ಕಿರಣ ಎರಡೂ ಕಡೆ ಸಮವಾಗಿ ಬಿದ್ದರೂ ಒಳಗೆ ಹೋಗುವ ಶಾಖ ಮೊದಲ ಕ್ಷಣದಿಂದಲೇ ಸಮವಲ್ಲ. ಎರಡು ಲೋಹಕ್ಕೂ ಒಂದೇ ಹೀರಿಕೆಯ ಸಂಖ್ಯೆ ಕೊಟ್ಟು ಮಾಡಿದ ಪ್ರಾಜೆಕ್ಟ್ ವರದಿಗಳಲ್ಲಿ ಲೆಕ್ಕ ಹಳಿ ತಪ್ಪುವುದು ಈ ಮೊದಲ ಹೆಜ್ಜೆಯಲ್ಲೇ. ತಾಮ್ರ ಕರಗಿದೊಡನೆ ಹೀರಿಕೆ ಏರುತ್ತದೆ, ಕೀಹೋಲ್ ಮೂಡಿದರೆ ಒಮ್ಮೆಲೇ ಜಿಗಿಯುತ್ತದೆ. ತಾಮ್ರದ ಮೇಲಿನ ಲೇಸರ್ ಕೆಲಸ ಒಮ್ಮೆ ಹಿಡಿಯದೆ, ಮತ್ತೊಮ್ಮೆ ತೂತೇ ಬೀಳುವಂತೆ ಚಂಚಲವಾಗಿರಲು ಈ ಜಿಗಿತ ದೊಡ್ಡ ಕಾರಣ. ಹಸಿರು ಮತ್ತು ನೀಲಿ ಬೆಳಕಿನ ಲೇಸರುಗಳು ದುಬಾರಿಯಾದರೂ ತಾಮ್ರದ ಕೆಲಸಕ್ಕೆ ಬಂದಿರುವುದು ತಾಮ್ರ ಆ ಬಣ್ಣಗಳನ್ನು ಹಲವು ಪಟ್ಟು ಹೆಚ್ಚು ಹೀರುವುದರಿಂದ.

ಸೇರುವ ಗೆರೆಯಲ್ಲಿ ಏನಾಗುತ್ತದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಒಂದೇ ಲೋಹದ ಬೆಸುಗೆಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಈ ಗೆರೆಯಲ್ಲಿದೆ.

ನೀವೇ ಪೈಥಾನ್‌ನಲ್ಲೋ ಮ್ಯಾಟ್‌ಲ್ಯಾಬ್‌ನಲ್ಲೋ ಕೋಡ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಲೆಕ್ಕಕ್ಕಾಗಿ ತಗಡನ್ನು ಸಣ್ಣ ಚೌಕಗಳಾಗಿ ವಿಂಗಡಿಸಿದಾಗ ಗೆರೆಯ ಎಡಕ್ಕೆ ತಾಮ್ರದ ಒಂದು ಚೌಕ, ಬಲಕ್ಕೆ ನಿಕ್ಕಲ್‌ನ ಒಂದು ಚೌಕ. ಇವೆರಡರ ನಡುವೆ ಹರಿಯುವ ಶಾಖಕ್ಕೆ ಯಾವ ವಾಹಕತೆ ಹಾಕುತ್ತೀರಿ? 400 ಮತ್ತು 90ನ್ನು ಕೂಡಿಸಿ ಅರ್ಧ ಮಾಡಿದರೆ 245. ಅದು ತಪ್ಪು. ಶಾಖ ಮೊದಲು ಒಂದನ್ನು ದಾಟಿ ಆಮೇಲೆ ಇನ್ನೊಂದನ್ನು ದಾಟಬೇಕು, ತಡೆಗಳು ಸಾಲಾಗಿ ಕೂಡುತ್ತವೆ. ಹಾಗಾಗಿ ಹಾರ್ಮೋನಿಕ್ ಸರಾಸರಿ ಬೇಕು: 400 ಮತ್ತು 90ರ ಗುಣಲಬ್ಧವನ್ನು ಎರಡರಿಂದ ಗುಣಿಸಿ 490ರಿಂದ ಭಾಗಿಸಿದರೆ ಸುಮಾರು 147. ಸುಹಾಸ್ ಪಾಟಣಕರ್ 1980ರ ತಮ್ಮ ಪಠ್ಯಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಕಾಮ್ಸಾಲ್, ಆನ್ಸಿಸ್, ಅಬಾಕಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಎರಡು ತುಂಡುಗಳು ಗಡಿಯನ್ನು ಸರಿಯಾಗಿ ಹಂಚಿಕೊಂಡಿದ್ದರೆ ಇದು ತಾನಾಗಿ ಆಗುತ್ತದೆ. ಹಂಚಿಕೊಂಡಿರದಿದ್ದರೆ ಗೆರೆಯೇ ಗೋಡೆಯಾಗಿ ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗೇ ಉಳಿಯುತ್ತದೆ. ಉಷ್ಣತೆಯ ಬಣ್ಣದ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಆದರೆ ನೋಡಬೇಕು.

ತಗಡುಗಳನ್ನು ಒಂದರ ಮೇಲೊಂದು ಇಟ್ಟು ಬೆಸೆಯುವಾಗ ಇನ್ನೂ ದೊಡ್ಡ ಸಂಗತಿ ಒಂದಿದೆ: ನಡುವಿನ ಗ್ಯಾಪ್. ಗಾಳಿಯ ವಾಹಕತೆ 0.026. ತಗಡುಗಳ ನಡುವೆ 50 ಮೈಕ್ರೋಮೀಟರ್ ಗಾಳಿ ಉಳಿದರೆ ಅದು ಒಡ್ಡುವ ತಡೆ ಎಷ್ಟು ದಪ್ಪ ತಾಮ್ರಕ್ಕೆ ಸಮ ಎಂದು ಲೆಕ್ಕ ಹಾಕಿ. ಮುಕ್ಕಾಲು ಮೀಟರ್ ಬರುತ್ತದೆ! ಕೂದಲೆಳೆಯಷ್ಟು ಗ್ಯಾಪ್ ಮೇಲಿನ ತಗಡಿನ ಶಾಖವನ್ನು ಅಲ್ಲೇ ಕಟ್ಟಿಹಾಕುತ್ತದೆ; ಮೇಲಿನದು ಕರಗಿ ಜಾರುತ್ತದೆ, ಕೆಳಗಿನದಕ್ಕೆ ಬಿಸಿ ತಟ್ಟಿರುವುದೇ ಇಲ್ಲ. ಆದ್ದರಿಂದ ಸಿಮ್ಯುಲೇಷನ್‌ನಲ್ಲಿ ‘ಪೂರ್ಣ ಸಂಪರ್ಕ’ ಎಂಬ ಆಯ್ಕೆಯನ್ನು ಒತ್ತಿ ಮುಂದೆ ಹೋಗಬೇಡಿ. ಗ್ಯಾಪ್ ಇಲ್ಲದೆ ಒಮ್ಮೆ, 20 ಮೈಕ್ರೋಮೀಟರ್ ಇಟ್ಟು ಒಮ್ಮೆ, 50 ಇಟ್ಟು ಒಮ್ಮೆ ಓಡಿಸಿ. ಮೂರರಲ್ಲೂ ಕೆಳಗಿನ ತಗಡು ಕರಗಿದರೆ ನಿಮ್ಮ ಸೆಟ್ಟಿಂಗ್ ಗಟ್ಟಿ. ಮೊದಲನೆಯದರಲ್ಲಿ ಮಾತ್ರ ಕರಗಿದರೆ ಲೇಸರಿಗೆ ಹಾಕುವ ದುಡ್ಡಿಗಿಂತ ಫಿಕ್ಸ್ಚರ್‌ಗೆ ಹಾಕುವ ದುಡ್ಡು ಸಾರ್ಥಕ.

ಅಂಕಿಗಳು, ಮೆಶ್, ಸಮಯದ ಹೆಜ್ಜೆ

ಕೋಣೆಯ ಉಷ್ಣತೆಯ ಅಂಕಿಗಳನ್ನೇ ಕೊನೆತನಕ ಬಳಸುವಂತಿಲ್ಲ. ತಾಮ್ರದ ವಾಹಕತೆ ಕರಗುವ ಹೊತ್ತಿಗೆ 340ರ ಸುಮಾರಿಗೆ ಇಳಿದಿರುತ್ತದೆ, ದ್ರವವಾದೊಡನೆ ಅದರ ಅರ್ಧಕ್ಕೆ ಬೀಳುತ್ತದೆ. ನಿಕ್ಕಲ್ ಇನ್ನೂ ವಿಚಿತ್ರ: ಅದರ ಅಯಸ್ಕಾಂತ ಗುಣ ಕಳೆದುಹೋಗುವ 358 ಡಿಗ್ರಿಯವರೆಗೆ ವಾಹಕತೆ 65ರ ಹತ್ತಿರಕ್ಕೆ ಇಳಿದು, ಅಲ್ಲಿಂದ ಮುಂದೆ ನಿಧಾನವಾಗಿ ಏರುತ್ತದೆ. ಅದೇ ಜಾಗದಲ್ಲಿ ವಿಶಿಷ್ಟ ಶಾಖಕ್ಕೂ ಒಂದು ಮೊನೆ ಇದೆ. ಉಷ್ಣತೆಗೆ ತಕ್ಕಂತೆ ಬದಲಾಗುವ ಕೋಷ್ಟಕವನ್ನೇ ಕೊಡಿ.

ಕರಗುವಾಗ ನುಂಗುವ ಗುಪ್ತೋಷ್ಣವನ್ನು ಮರೆಯಬೇಡಿ. ಕಿಲೋಗ್ರಾಮಿಗೆ ತಾಮ್ರಕ್ಕೆ ಸುಮಾರು 205 ಕಿಲೋಜೂಲ್, ನಿಕ್ಕಲ್‌ಗೆ 300ರ ಹತ್ತಿರ, ಅಲ್ಯೂಮಿನಿಯಂಗೆ 400ರ ಹತ್ತಿರ. ಇದನ್ನು ವಿಶಿಷ್ಟ ಶಾಖಕ್ಕೆ ಸೇರಿಸಿ ಕೊಡುವ ಸುಲಭ ವಿಧಾನದಲ್ಲಿ ಒಂದು ಹಳ್ಳವಿದೆ. ಶುದ್ಧ ಲೋಹ ಒಂದೇ ಉಷ್ಣತೆಯಲ್ಲಿ ಕರಗುವುದರಿಂದ ಗುಪ್ತೋಷ್ಣವನ್ನು ಹತ್ತಿಪ್ಪತ್ತು ಡಿಗ್ರಿಗೆ ಹರಡಿ ಕೊಡುತ್ತೇವೆ. ಸಮಯದ ಹೆಜ್ಜೆ ದೊಡ್ಡದಿದ್ದರೆ ಲೆಕ್ಕ ಆ ಪಟ್ಟಿಯನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ, ಗುಪ್ತೋಷ್ಣ ಖರ್ಚೇ ಆಗಿರುವುದಿಲ್ಲ. ಎಂಥಾಲ್ಪಿಯನ್ನೇ (ಗುಪ್ತೋಷ್ಣವೂ ಸೇರಿದ ಒಟ್ಟು ಶಾಖವನ್ನೇ) ಲೆಕ್ಕದ ಮೂಲ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಮೆಶ್, ಅಂದರೆ ಲೆಕ್ಕದ ಚೌಕಗಳ ಬಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪಾಟ್‌ನ ವ್ಯಾಸಕ್ಕೆ ಅಡ್ಡಲಾಗಿ ಕನಿಷ್ಠ ಆರೆಂಟು ಚೌಕಗಳಿರಲಿ, ದೂರ ಹೋದಂತೆ ದೊಡ್ಡದಾಗಲಿ. 0.1 ಮಿಲಿಮೀಟರ್ ಸ್ಪಾಟ್‌ಗೆ ಎಂದರೆ 15 ಮೈಕ್ರೋಮೀಟರ್. ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಕೋಡ್ ಬರೆದವರಿಗೆ ಮಾತ್ರ ಒಂದು ಎಚ್ಚರಿಕೆ: ಈ ಮೆಶ್‌ನಲ್ಲಿ ಮೂರು ಆಯಾಮದ ಲೆಕ್ಕ ಕುಸಿಯದಿರಲು ತಾಮ್ರಕ್ಕೆ ಸುಮಾರು 0.3 ಮೈಕ್ರೋಸೆಕೆಂಡಿನ ಹೆಜ್ಜೆ ಬೇಕು. ಐವತ್ತು ಮಿಲಿಸೆಕೆಂಡಿನ ಬೆಸುಗೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಜ್ಜೆ. ನಿಕ್ಕಲ್ ಒಂದೇ ಇದ್ದಿದ್ದರೆ ಇದರ ಐದನೇ ಒಂದು ಭಾಗ ಸಾಕಿತ್ತು.

ಗಾಳಿಗೆ ಹೋಗುವ ಶಾಖ, ಹೊರಸೂಸುವ ವಿಕಿರಣ ಎಂದು ತಲೆ ಕೆಡಿಸಿಕೊಂಡು ಪುಟಗಟ್ಟಲೆ ಬರೆಯುವವರಿದ್ದಾರೆ. ತಾಮ್ರ ಕರಗುವ ಉಷ್ಣತೆಯಲ್ಲಿ ಪೂರ್ಣ ಕಪ್ಪು ಮೇಲ್ಮೈ ಕೂಡ ಚದರ ಸೆಂಟಿಮೀಟರಿಗೆ 20 ವ್ಯಾಟ್ ಸೂಸಲಾರದು. ಕಿರಣ ತರುವುದು ಲಕ್ಷಗಟ್ಟಲೆ. ಅದನ್ನು ಬಿಟ್ಟುಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು ಕ್ಲಾಂಪ್. ಬೆಸುಗೆಯ ಪಕ್ಕದಲ್ಲೇ ತಾಮ್ರದ ತಗಡನ್ನು ಅಮುಕಿ ಹಿಡಿದಿರುವ ಲೋಹದ ತುಂಡು ಗಾಳಿಗಿಂತ ಎಷ್ಟೋ ಹೆಚ್ಚು ಶಾಖ ಎಳೆಯುತ್ತದೆ, ಇಡೀ ದಿನ ಕೆಲಸ ಮಾಡಿದ ಮೇಲೆ ತಾನೂ ಬಿಸಿಯಾಗಿರುತ್ತದೆ. ಬೆಳಿಗ್ಗೆ ಸರಿಯಾಗಿ ಬಂದ ಜಾಬ್ ಮಧ್ಯಾಹ್ನ ಸುಟ್ಟಿತೆಂದರೆ ಮೊದಲು ಕ್ಲಾಂಪ್ ಮುಟ್ಟಿ ನೋಡಿ.

ಬಣ್ಣದ ಚಿತ್ರವನ್ನು ನಂಬುವ ಮೊದಲು

ಕೆಂಪು ಹಳದಿ ನೀಲಿಯ ಚಿತ್ರ ಮೂಡಿದೊಡನೆ ಎಲ್ಲ ಮುಗಿಯಿತು ಎನಿಸುತ್ತದೆ. ಅದು ಮೂಡಲು ಲೆಕ್ಕ ಸರಿಯಿರಬೇಕೆಂದೇನೂ ಇಲ್ಲ.

ಎರಡು ಕಡೆಗೂ ಒಂದೇ ಲೋಹದ ಅಂಕಿಗಳನ್ನು ಕೊಟ್ಟು, ಗುಪ್ತೋಷ್ಣ ತೆಗೆದು, ಗುಣಗಳನ್ನು ಸ್ಥಿರವಾಗಿಟ್ಟು ಓಡಿಸಿ. ಈಗ ರೋಸೆಂಥಾಲ್ ಸೂತ್ರ ಬೇಕು. ಕಿರಣದಿಂದ ಒಂದೆರಡು ಮಿಲಿಮೀಟರ್ ದೂರದ ಉಷ್ಣತೆ ಅದಕ್ಕೆ ಹೊಂದಬೇಕು (ದಪ್ಪ ತಗಡಿಗೂ ತೆಳು ತಗಡಿಗೂ ಬೇರೆ ಬೇರೆ ರೂಪಗಳಿವೆ, ನೋಡಿ ಆರಿಸಿ). ಆಮೇಲೆ ಒಳಗೆ ಬಿಟ್ಟ ಶಾಖದ ಮೊತ್ತವೂ ತಗಡಿನಲ್ಲಿ ಉಳಿದದ್ದು, ಹೊರಗೆ ಹೋದದ್ದು ಇವುಗಳ ಮೊತ್ತವೂ ತಾಳೆಯಾಗುತ್ತವೆಯೇ ನೋಡಿ. ಮೆಶ್ ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ಕರಗಿದ ಮಡುವಿನ ಅಗಲ ಕಣ್ಣಿಗೆ ಕಾಣುವಷ್ಟು ಬದಲಾದರೆ ಇನ್ನೂ ಸಣ್ಣ ಮೆಶ್ ಬೇಕು.

ಇಷ್ಟಾದ ಮೇಲೆ ನಿಜವಾದ ತುಂಡು. ಬೆಸೆದದ್ದನ್ನು ಅಡ್ಡಕ್ಕೆ ಕತ್ತರಿಸಿ, ರಾಳದಲ್ಲಿ ಕೂರಿಸಿ, ನುಣ್ಣಗೆ ಪಾಲಿಶ್ ಮಾಡಿ, ಆಸಿಡ್‌ನಿಂದ ಎಚ್ ಮಾಡಿ ಮೈಕ್ರೋಸ್ಕೋಪಿನಡಿ ಇಟ್ಟರೆ ಕರಗಿದ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಅಗಲ, ಆಳ, ಯಾವ ಕಡೆಗೆ ಎಷ್ಟು ವಾಲಿದೆ ಎಂಬ ಮೂರನ್ನೂ ಲೆಕ್ಕದ ಜೊತೆ ಹೋಲಿಸಿ. ಹೊಂದದಿದ್ದರೆ ಹೀರಿಕೆಯ ಸಂಖ್ಯೆಯನ್ನು ತುಸು ತಿರುಗಿಸುವುದು ರೂಢಿ. ತಿರುಗಿಸಿ, ತಪ್ಪಿಲ್ಲ. ಆದರೆ ಒಂದು ತುಂಡಿಗೆ ಹೊಂದಿಸಿಕೊಂಡು ಮಾದರಿ ಸರಿ ಎಂದು ಬರೆದರೆ ಅದು ಉತ್ತರ ನೋಡಿ ಮಾಡಿದ ಲೆಕ್ಕ. ಸಂಖ್ಯೆಯನ್ನು ಅಲ್ಲಿಗೇ ನಿಲ್ಲಿಸಿ. ಪವರ್ ಇಲ್ಲವೇ ವೇಗ ಬದಲಿಸಿದ ಎರಡನೆಯ ಬೆಸುಗೆಯನ್ನು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ, ಉತ್ತರ ಬರೆದಿಟ್ಟು, ಆಮೇಲೆ ತುಂಡು ಕತ್ತರಿಸಿ. ಆಗಲೂ ಹೊಂದಿದರೆ ಧೈರ್ಯವಾಗಿ ಬಳಸಬಹುದು.

ಥರ್ಮಲ್ ಕ್ಯಾಮೆರಾ ಇದ್ದವರಿಗೆ ಒಂದು ಮಾತು: ಹೊಳೆಯುವ ತಾಮ್ರದ ಮೇಲೆ ಅದನ್ನು ನಂಬಬೇಡಿ. ತಾಮ್ರ ಅವಗೆಂಪನ್ನು ಹೀರುವುದು ಕಡಿಮೆ, ಹಾಗೆಯೇ ಸೂಸುವುದೂ ಕಡಿಮೆ, ಆದ್ದರಿಂದ ಕ್ಯಾಮೆರಾ ಕಡಿಮೆ ಉಷ್ಣತೆ ತೋರಿಸುತ್ತದೆ. ತೆಳು ತಂತಿಯ ಕೆ ಟೈಪ್ ಥರ್ಮೋಕಪಲ್ ಅನ್ನು ಬೆಸುಗೆಯಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಅಂಟಿಸಿದರೆ ಹೆಚ್ಚು ಉಪಯೋಗ.

ಬ್ಯಾಟರಿ ಸೆಲ್ ಮೇಲೆ

18650, 21700 ಸೆಲ್‌ಗಳ ಡಬ್ಬಿ ನಿಕ್ಕಲ್ ಲೇಪಿತ ಸ್ಟೀಲ್. ಅದರ ತಳಕ್ಕೆ ತಾಮ್ರದ ಪಟ್ಟಿ ಬೆಸೆಯಬೇಕು ಎಂದುಕೊಳ್ಳಿ. ಕಿರಣ ಬೀಳುವುದು ಮೇಲಿರುವ ತಾಮ್ರದ ಮೇಲೆ: ಬೆಳಕನ್ನು ಹೀರದ, ಹೀರಿದ ಶಾಖವನ್ನು ಹಂಚಿಬಿಡುವ ಲೋಹ. ಕೆಳಗೆ ಶಾಖ ಹಿಡಿದಿಟ್ಟುಕೊಳ್ಳುವ ತೆಳು ಸ್ಟೀಲ್. ತಾಮ್ರ ದಾಟುವಷ್ಟು ಪವರ್ ಕೊಟ್ಟರೆ ಅದು ಸ್ಟೀಲ್‌ಗೆ ತಲುಪಿದ ಕ್ಷಣ ಅತಿಯಾಗುತ್ತದೆ, ಡಬ್ಬಿಗೆ ತೂತು ಬೀಳಬಹುದು. ತೂತು ಬೀಳದಿದ್ದರೂ ಒಳಗಿನ ಪಾಲಿಎಥಿಲೀನ್ ಪರದೆ (ಸೆಪರೇಟರ್) ಸುಮಾರು 130 ಡಿಗ್ರಿಯಲ್ಲೇ ಕರಗುವಂಥದ್ದು.

ಹಾಗಾಗಿ ಇಲ್ಲಿ ಸಿಮ್ಯುಲೇಷನ್‌ಗೆ ಕೇಳಬೇಕಾದ ಪ್ರಶ್ನೆ ಎರಡೇ. ಡಬ್ಬಿಯ ತಗಡಿನಲ್ಲಿ ಕರಗಿದ ಆಳ ಎಷ್ಟು? ಡಬ್ಬಿಯ ಒಳಮೈಯ ಉಷ್ಣತೆ ಎಷ್ಟಕ್ಕೆ ಏರಿ ಎಷ್ಟು ಹೊತ್ತು ನಿಲ್ಲುತ್ತದೆ? ಬೆಸುಗೆಯ ನಡುವಿನ ಗರಿಷ್ಠ ಉಷ್ಣತೆ 2400 ಡಿಗ್ರಿಯೋ 2600 ಡಿಗ್ರಿಯೋ ಎಂಬ ಚರ್ಚೆ ಇಲ್ಲಿ ಅನವಶ್ಯಕ. ಪವರ್ ನೂರಕ್ಕೆ ಐದರಷ್ಟು ಹೆಚ್ಚು ಕಡಿಮೆ ಮಾಡಿ, ಕಿರಣದ ಫೋಕಸ್ ಸ್ವಲ್ಪ ಸರಿಸಿ, ಈ ಎರಡು ಉತ್ತರಗಳು ಎಷ್ಟು ಅಲುಗಾಡುತ್ತವೆ ನೋಡಿ. ಶಾಖದ ಸರಳ ಮಾದರಿ ನಿಖರ ಸಂಖ್ಯೆಗಿಂತ ಇಂಥ ಅಲುಗಾಟವನ್ನು ಚೆನ್ನಾಗಿ ಹೇಳುತ್ತದೆ. ಅಂಚಿಗೆ ಅಂಚು ಸೇರಿಸುವ ಬೆಸುಗೆಯಾದರೆ ಕಿರಣವನ್ನು ಗೆರೆಯಿಂದ 0.1 ಮಿಲಿಮೀಟರ್ ಆಚೆ ಈಚೆ ಸರಿಸಿ ಓಡಿಸುವುದೂ ಇದಕ್ಕಾಗಿಯೇ. ಪರಿಣಾಮ ತೀರಾ ಬದಲಾದರೆ ಆ ಸೆಟ್ಟಿಂಗ್ ಉತ್ಪಾದನೆಗೆ ಬಾರದು, ಏಕೆಂದರೆ ಯಾವ ಫಿಕ್ಸ್ಚರ್ ಕೂಡ ದಿನವಿಡೀ ಅಷ್ಟು ಕರಾರುವಾಕ್ಕಾಗಿ ಹಿಡಿದಿರುವುದಿಲ್ಲ.

ಅಲ್ಯೂಮಿನಿಯಂ ಮತ್ತು ತಾಮ್ರದ ಜೋಡಿಗೆ ಬಂದರೆ ಕತೆ ಬೇರೆ. ತಾಮ್ರ ಮತ್ತು ನಿಕ್ಕಲ್ ಯಾವ ಪ್ರಮಾಣದಲ್ಲೂ ಬೆರೆಯುತ್ತವೆ, ಗಟ್ಟಿಯಾದ ಮೇಲೂ ಬೆರೆತೇ ಇರುತ್ತವೆ. ಅಲ್ಯೂಮಿನಿಯಂ ಮತ್ತು ತಾಮ್ರ ಕೂಡಿದರೆ ಗಾಜಿನಂತೆ ಒಡೆಯುವ, ವಿದ್ಯುತ್ತನ್ನು ಸರಿಯಾಗಿ ಬಿಡದ ಸಂಯುಕ್ತಗಳು ಹುಟ್ಟುತ್ತವೆ. ಎರಡೂ ಬೆರೆತ ಕಡೆ 548 ಡಿಗ್ರಿಗೇ ಕರಗುವ ಮಿಶ್ರಣವೂ ಇದೆ. ಅಲ್ಯೂಮಿನಿಯಂ ಕರಗುವ 660 ಡಿಗ್ರಿಗಿಂತ ಅದು ನೂರು ಡಿಗ್ರಿಗೂ ಹೆಚ್ಚು ಕೆಳಗೆ. ಇಲ್ಲಿ ಶಾಖದ ಮಾದರಿಯಿಂದ ತೆಗೆಯಬಹುದಾದ ಉಪಯುಕ್ತ ಅಂಕಿ ಎಂದರೆ ಗೆರೆಯ ಮೇಲಿನ ಬಿಂದು 548ರ ಮೇಲೆ ಎಷ್ಟು ಹೊತ್ತು ಇತ್ತು ಎಂಬುದು. ಆ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು, ಅದಕ್ಕೇ ಇಂಥ ಬೆಸುಗೆಗಳಲ್ಲಿ ವೇಗ ಹೆಚ್ಚಿಡುವುದು. ಒಡೆಯುವ ಸಂಯುಕ್ತಗಳ ಮಟ್ಟಿಗೆ ಸ್ಟೀಲ್ ಮತ್ತು ಅಲ್ಯೂಮಿನಿಯಂ ಜೋಡಿಗೂ ಇದೇ ಮಾತು ಸಲ್ಲುತ್ತದೆ.

ಸಂಯುಕ್ತದ ಪದರ ಎಷ್ಟು ದಪ್ಪ ಬೆಳೆಯಿತು, ಒಳಗೆ ಗುಳ್ಳೆ ಉಳಿಯಿತೇ, ಹನಿ ಸಿಡಿಯಿತೇ ಎಂಬುದನ್ನು ಈ ಮಾದರಿ ಹೇಳುವುದಿಲ್ಲ. ಕರಗಿದ ಲೋಹ ಮೇಲ್ಮೈ ಎಳೆತದ ವ್ಯತ್ಯಾಸಕ್ಕೆ ಸೆಕೆಂಡಿಗೆ ಮೀಟರ್ ಗಟ್ಟಲೆ ವೇಗದಲ್ಲಿ ಸುತ್ತುತ್ತಿರುತ್ತದೆ. ಬೆರಕೆ ತಿಳಿಯಬೇಕೆಂದರೆ ಆ ಹರಿವನ್ನೂ ಬಿಡಿಸುವ ಸಾಫ್ಟ್‌ವೇರ್ ಬೇಕು, ಉಚಿತವಾಗಿ ಸಿಗುವ ಓಪನ್‌ಫೋಮ್‌ನಲ್ಲಿ ಅದನ್ನು ಮಾಡುವವರಿದ್ದಾರೆ. ಬರಿಯ ಶಾಖದ ಲೆಕ್ಕಕ್ಕೆ ಫಿನ್ಲೆಂಡಿನ ಎಲ್ಮರ್ ಕೂಡ ಉಚಿತವೇ. ಶಾಪ್‌ನಲ್ಲಾದರೆ ಎಳೆದು ಕೀಳುವ ಪರೀಕ್ಷೆಯ ಜೊತೆಗೆ ನಾಲ್ಕು ತಂತಿಯ ಮೈಕ್ರೋಓಮ್ ಮೀಟರಿನಿಂದ ಬೆಸುಗೆಯ ತಡೆ ಅಳೆಯಿರಿ. ಸ್ವಲ್ಪ ಹೊತ್ತು ಪೂರ್ಣ ಕರೆಂಟ್ ಹರಿಸಿ, ಮತ್ತೆ ತಣಿಸಿ, ಇನ್ನೊಮ್ಮೆ ಅಳೆಯಿರಿ. ಎರಡನೆಯ ಸಲ ಏರಿದ್ದರೆ ಆ ತುಂಡನ್ನೇ ಕತ್ತರಿಸಲು ಕಳಿಸಿ.